ಕಾಕಿಯ ಹೆಸರುಕಾಳು, ನಮ್ಮ ತಾಡಪತ್ರಿ

ಅಣ್ಣನ ಗಾಡಿಗೆ ಒಂದು ಲೆಕ್ಕದ ವಹಿ ಇದೆ. ಇನ್ನೂರು ಪುಟದ ಸಾದಾ ನೋಟ್‌ಬುಕ್. ಬಾಡಿಗೆ, ಡೀಸೆಲ್, ಹಮಾಲಿ, ಪಂಕ್ಚರ್ ಎಲ್ಲ ಅದರಲ್ಲಿ ಬರೆಯುವವಳು ನಾನು. "ಧಾರವಾಡಕ್ಕ ಹೋಗಿ ಬರಿಯೂದು ಕಲ್ತು ಬಂದಾಳ, ಇದನ್ನೂ ಆಕಿನ ಬರೀಲಿ" ಎಂದು ಅವ್ವ ಹಚ್ಚಿದ ಕೆಲಸ. ಆ ವಹಿಯಲ್ಲಿ 2024ರ ಜೂನ್ ತಿಂಗಳ ಒಂದು ಸಾಲು ಹೀಗಿದೆ: ತಾಡಪತ್ರಿ, 12 × 15, ನೀಲಿ, 650 ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ನೊಂದು ಸಾಲು: ಬಾಡಿಗೆ 1,400, ಬಂದಿಲ್ಲ. ಕಾಕಿಗೆ ಕೊಟ್ಟದ್ದು 3,000.

ಈ ಎರಡು ಸಾಲುಗಳ ನಡುವೆ ಏನಾಯಿತು, ಆಮೇಲೆ ನಾವು ಏನು ಕಲಿತೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಗಾಡಿ ಇಟ್ಟವರಿಗೆ ಉಪಯೋಗಕ್ಕೆ ಬಂದೀತು. ಅಂಥ ಗಾಡಿಗೆ ಮಾಲು ಹೇರಿ ಕಳಿಸುವವರಿಗೆ ಇನ್ನೂ ಹೆಚ್ಚು ಬಂದೀತು.

ನಮ್ಮದು ಬೆಟಗೇರಿ. ಅಪ್ಪ ನೇಕಾರ. ಮನೆಯಲ್ಲಿ ಎರಡು ಮಗ್ಗ ಇದ್ದವು, ಈಗ ಒಂದೇ ನಡೆಯುತ್ತದೆ. ಇನ್ನೊಂದರ ಮೇಲೆ ಅಣ್ಣ ನಾಲ್ಕು ವರ್ಷ ಕುಳಿತ. ಆಮೇಲೆ ಎದ್ದುಹೋಗಿ ಬೇರೆಯವರ ಗಾಡಿ ಓಡಿಸಿದ. 2022ರಲ್ಲಿ ಸಾಲ ಮಾಡಿ ಒಂದು ಹಳೆಯ ಟಾಟಾ ಏಸ್ ತಂದ. ಈ ಗಾಡಿ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. 'ಛೋಟಾ ಹಾಥಿ' ಎಂದರೆ ಸಾಕು, ಎಲ್ಲರಿಗೂ ಗೊತ್ತು. ಹಿಂದಿನ ಬಾಡಿ ಏಳು ಅಡಿ ಉದ್ದ, ಹತ್ತಿರ ಹತ್ತಿರ ಐದು ಅಡಿ ಅಗಲ, ಬದಿಯ ತಗಡು ಒಂದು ಅಡಿ ಎತ್ತರ. ಮುಕ್ಕಾಲು ಟನ್ ಭಾರ ಹೊರುತ್ತದೆ. ಅದಕ್ಕಿಂತ ಹೆಚ್ಚು ಹೇರುವವರನ್ನು ನೀವೂ ನೋಡಿರುತ್ತೀರಿ, ನಾನೂ ನೋಡಿದ್ದೇನೆ. ಆ ಮಾತು ಇಲ್ಲಿ ಬೇಡ.

ಬೆಟಗೇರಿಯೊಳಗೆ ನೂಲಿನ ಗಂಟು, ಸೀರೆ ಗಂಟು ಸಿಗುತ್ತವೆ. ಸುಗ್ಗಿಯಲ್ಲಿ ಹಳ್ಳಿಗಳಿಂದ ಹೆಸರು, ಶೇಂಗಾ, ಉಳ್ಳಾಗಡ್ಡಿ, ಒಣ ಮೆಣಸಿನಕಾಯಿ. ಗದಗ ಎಪಿಎಂಸಿಗೆ, ಇಲ್ಲವೇ ಹುಬ್ಬಳ್ಳಿಗೆ. ಗಾಡಿಯ ಸಾಲದ ಕಂತು ಈ ಸುಗ್ಗಿಯ ಬಾಡಿಗೆಯ ಮೇಲೆಯೇ ನಿಂತಿದೆ.

ಕಾಕಿ ಎಂದರೆ ಅವ್ವನ ಕಡೆಯ ದೂರದ ಸಂಬಂಧ. ಮುಂಡರಗಿ ಕಡೆಯ ಒಂದು ಸಣ್ಣ ಹಳ್ಳಿ. ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆ ಎರಿ ಹೊಲ ತಾನೇ ಮಾಡಿಸುತ್ತಾಳೆ. ಆ ವರ್ಷ ಹೆಸರು ಬಿತ್ತಿದ್ದಳು. ಗದಗ ಜಿಲ್ಲೆಯ ರೈತರಿಗೆ ಹೆಸರಿನ ಕಥೆ ಹೇಳಬೇಕಿಲ್ಲ. ಬೇಗ ಬರುವ ಬೆಳೆ, ಮೊದಲು ಕೈಗೆ ದುಡ್ಡು ಕೊಡುವ ಬೆಳೆ. ಆದರೆ ರಾಶಿಯ ಹೊತ್ತಿಗೆ ಸರಿಯಾಗಿ ಮಘಿ, ಹುಬ್ಬಿ ಮಳೆಗಳು ಬರುತ್ತವೆ. ಬುಡ್ಡಿ ಗಿಡದಲ್ಲಿದ್ದಾಗಲೇ ಮಳೆ ಹಿಡಿದರೆ ಅಲ್ಲೇ ಮೊಳಕೆ ಒಡೆಯುತ್ತದೆ. ಕಾಕಿ ಅದೆಲ್ಲ ದಾಟಿ, ಎರಡು ದಿನದ ಬಿಸಿಲಲ್ಲಿ ಒಣಗಿಸಿ, ಐವತ್ತು ಕೆಜಿಯ ಹದಿನಾಲ್ಕು ಚೀಲ ತುಂಬಿಸಿ ಇಟ್ಟಿದ್ದಳು. ಕಣದಲ್ಲಿ ಇನ್ನೂ ಒಂದು ರಾಶಿ ಉಳಿದಿತ್ತು. ಅದರ ಮೇಲೆ ರೈತ ಸಂಪರ್ಕ ಕೇಂದ್ರದಿಂದ ಸಬ್ಸಿಡಿಯಲ್ಲಿ ತಂದ ದೊಡ್ಡ ತಾಡಪತ್ರಿ ಹೊದಿಸಿದ್ದಳು.

ಗಾಡಿ ತುಂಬಿದ ಮೇಲೆ ಅಣ್ಣ ನಮ್ಮ ನೀಲಿ ತಾಡಪತ್ರಿ ಬಿಚ್ಚಿದ. ಕಾಕಿ ಅದನ್ನೊಮ್ಮೆ ಬೆರಳಿನಿಂದ ಹಿಡಿದು ನೋಡಿದಳಂತೆ. "ತಮ್ಮಾ, ಇದು ಭಾಳ ತೆಳ್ಳಗೈತಿ. ಮ್ಯಾಲ ಮಾಡ ಆಗೇತಿ. ನಂದ ಒಯ್ಯಿ, ನಾಳೆ ತಂದು ಕೊಡೀಯಂತ" ಅಂದಳು. ಅಣ್ಣ, "ಬ್ಯಾಡ ಬಿಡಬೇ ಕಾಕಿ, ನಿನ್ನ ರಾಶಿ ತೊಯ್ದೀತು. ಒಂದ ತಾಸಿನ ದಾರಿ" ಅಂದ. ಈ ಎರಡು ಮಾತನ್ನು ಅಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕ ಇಟ್ಟಿಲ್ಲ.

ಡಂಬಳ ದಾಟುವವರೆಗೆ ಹನಿ ಇಲ್ಲ. ಅಲ್ಲಿಂದ ಮುಂದೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಅಡ್ಡಗಾಳಿ. ಎಡಗಡೆಯ ಹಿಂದಿನ ಮೂಲೆಯ ಕಣ್ಣು, ಹಗ್ಗ ಪೋಣಿಸುವ ಆ ಹಿತ್ತಾಳೆಯ ಉಂಗುರ, ಮೊದಲು ಕಿತ್ತುಕೊಂಡು ಬಂತು. ಒಂದು ಕಣ್ಣು ಹೋದರೆ ಅದರ ಭಾರ ಪಕ್ಕದ ಕಣ್ಣಿನ ಮೇಲೆ ಬೀಳುತ್ತದೆ. ಅದೂ ಹೋಯಿತು. ಗಾಳಿ ಒಳಗೆ ಹೊಕ್ಕು ತಾಡಪತ್ರಿ ಹಾಯಿಯಂತೆ ಎದ್ದು ಪಟಪಟ ಬಡಿಯತೊಡಗಿತು. ನಿಲ್ಲಿಸಿ, ಇಳಿದು, ಹಗ್ಗ ಬಿಗಿಯುವಷ್ಟರಲ್ಲಿ ಮಳೆ ಸುರಿದೇ ಬಿಟ್ಟಿತು. ಹತ್ತು ಹನ್ನೆರಡು ನಿಮಿಷ ಅಷ್ಟೇ. ಐದು ಚೀಲ ತೊಯ್ದವು. ಮೂರು ಮೇಲಿನಿಂದ, ಎರಡು ಕೆಳಗಿನಿಂದ.

ಕೆಳಗಿನಿಂದ ಎಂದದ್ದನ್ನು ನೆನಪಿಡಿ, ಮತ್ತೆ ಅಲ್ಲಿಗೆ ಬರುತ್ತೇನೆ.

ಎಪಿಎಂಸಿಯಲ್ಲಿ ದಲಾಲರು ಚೀಲಕ್ಕೆ ಕೈ ಹಾಕಿ ಕಾಳು ಹಿಡಿದು ನೋಡಿ ಆ ಐದು ಚೀಲಗಳನ್ನು ಬದಿಗಿಡಿಸಿದರು. ಆ ವರ್ಷ ಹೆಸರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ ಇತ್ತು. ಆದರೆ ಖರೀದಿ ಕೇಂದ್ರಕ್ಕೆ ಒಯ್ಯಬೇಕೆಂದರೆ ತೇವಾಂಶ ಶೇ 12ರ ಒಳಗಿರಬೇಕು. ಅದಕ್ಕೆ ನೋಂದಣಿ, ಪಾಳಿ ಎಲ್ಲ ಬೇರೆ. ಕಾಕಿಗೆ ಅಷ್ಟು ಕಾಯುವ ಶಕ್ತಿ ಇರಲಿಲ್ಲ, ಪೇಟೆಯಲ್ಲೇ ಮಾರುವುದಿತ್ತು. ಒಣ ಚೀಲಗಳಿಗೆ 7,200 ಸಿಕ್ಕಿತು. ತೊಯ್ದದ್ದನ್ನು ಎರಡು ದಿನ ಕಟ್ಟೆಯ ಮೇಲೆ ಹರವಿ ಒಣಗಿಸಿದರೂ ಬಣ್ಣ ಹೋಗಿತ್ತು. ಹೆಸರಿಗೆ ಹಸಿರು ಬಣ್ಣವೇ ರೇಟು. 5,400ಕ್ಕೆ ಹೋಯಿತು. ಎರಡೂವರೆ ಕ್ವಿಂಟಲ್, ಕ್ವಿಂಟಲ್‌ಗೆ 1,800 ನಷ್ಟ. ಒಟ್ಟು 4,500 ರೂಪಾಯಿ.

ಅಣ್ಣ ಬಾಡಿಗೆ ಬಿಟ್ಟ. ಮೇಲೆ ಮೂರು ಸಾವಿರ ಕೊಟ್ಟ. ಕಾಕಿ ಬೇಡ ಅನ್ನಲಿಲ್ಲ, ಬೈಯಲೂ ಇಲ್ಲ. ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಉಳಿದ ರಾಶಿಯನ್ನು ಬೇರೆ ಗಾಡಿಗೆ ಹೇರಿ ಕಳಿಸಿದಳು. ಆಕೆಯ ಜೊತೆ ಅದೇ ಓಣಿಯ ಇನ್ನೂ ಮೂವರು ನಮಗೆ ಫೋನ್ ಮಾಡುವುದನ್ನು ಬಿಟ್ಟರು. ವಹಿಯಲ್ಲಿ ಆ ಸೆಪ್ಟೆಂಬರ್ ನೋಡಿದರೆ ಆ ಊರಿನ ಹೆಸರು ಮತ್ತೆ ಬರುವುದೇ ಇಲ್ಲ.

ಗಾಡಿಗೆ ಇನ್ಶೂರೆನ್ಸ್ ಇತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಗಾಡಿಯ ಇನ್ಶೂರೆನ್ಸ್ ಗಾಡಿಗೆ, ಗಾಡಿಯಿಂದ ಬೇರೆಯವರಿಗೆ ಆದ ಅಪಘಾತಕ್ಕೆ. ಒಳಗೆ ಹೇರಿದ ಮಾಲಿಗೆ ಅದು ಬರುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಹಳ್ಳಿಯಿಂದ ಎಪಿಎಂಸಿಗೆ ಹೋಗುವ ಹದಿನಾಲ್ಕು ಚೀಲಕ್ಕೆ ಯಾರು ಪಾಲಿಸಿ ಮಾಡಿಸುತ್ತಾರೆ? ಅದಕ್ಕಿರುವ ಪಾಲಿಸಿ ತಾಡಪತ್ರಿ ಒಂದೇ.

ಮರುದಿನ ನಾನು ಆ ನೀಲಿ ತಾಡಪತ್ರಿಯನ್ನು ಮಡಚಿ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯ ಮೇಲಿಟ್ಟೆ. ಅಂಗಡಿಯವರು ನಕ್ಕರು. ಆದರೆ ಇದೊಂದು ಕೆಲಸವನ್ನು ಜೂನ್‌ನಲ್ಲೇ ಮಾಡಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ತಾಡಪತ್ರಿ ಮಾರುವವರು ಜಿಎಸ್‌ಎಂ ಎಂಬ ಮಾತು ಹೇಳುತ್ತಾರೆ. 90, 120, 150, 200, 250 ಹೀಗೆ. ಅದು ಏನೂ ದೊಡ್ಡ ಗುಟ್ಟಲ್ಲ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ನಮ್ಮದು 12 × 15 ಅಡಿ, ಅಂದರೆ 180 ಚದರ ಅಡಿ. ಒಂದು ಚದರ ಮೀಟರ್ ಎಂದರೆ ಹತ್ತೂಮುಕ್ಕಾಲು ಚದರ ಅಡಿ. ಭಾಗಿಸಿದರೆ ಹದಿನಾರೂಮುಕ್ಕಾಲು ಚದರ ಮೀಟರ್ ಹತ್ತಿರ ಬರುತ್ತದೆ. ಅಂಗಡಿಯವರು 150 ಜಿಎಸ್‌ಎಂ ಅಂದಿದ್ದರು. ಹಾಗಾದರೆ ಅದು ಎರಡೂವರೆ ಕೆಜಿ ತೂಗಬೇಕು. ತಕ್ಕಡಿ ತೋರಿಸಿದ್ದು ಒಂದೂವರೆ ಕೆಜಿ. ಅಂದರೆ ನಾವು ತಂದದ್ದು 90ರ ಮಾಲು.

ನಿಮ್ಮ ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ. ಉದ್ದ ಅಡಿ ಗುಣಿಸು ಅಗಲ ಅಡಿ, ಅದನ್ನು 10.76ರಿಂದ ಭಾಗಿಸಿ, ಬಂದದ್ದನ್ನು ಅವರು ಹೇಳಿದ ಜಿಎಸ್‌ಎಂನಿಂದ ಗುಣಿಸಿ. ಅಷ್ಟು ಗ್ರಾಂ ತೂಗಬೇಕು. ಅಂಚಿನ ಹಗ್ಗ, ಕಣ್ಣುಗಳ ತೂಕ ಸೇರಿ ಸ್ವಲ್ಪ ಹೆಚ್ಚೇ ಬರಬೇಕು, ಕಡಿಮೆ ಬರಬಾರದು. ಸಬ್ಸಿಡಿಯಲ್ಲಿ ಕೊಡುವ 8 × 6 ಮೀಟರ್, 250 ಜಿಎಸ್‌ಎಂ ತಾಡಪತ್ರಿಗೂ ಇದೇ ಲೆಕ್ಕ: 48 ಚದರ ಮೀಟರ್, 12 ಕೆಜಿ. ಒಬ್ಬರೇ ಎತ್ತಿದರೆ ಹೆಗಲಿಗೆ ಗೊತ್ತಾಗುತ್ತದೆ.

ತೂಕದ ನಂತರ ಅಳತೆ ಪಟ್ಟಿ ಹಿಡಿದೆ. 12 × 15 ಅಂದದ್ದು ನಿಜಕ್ಕೂ ಹನ್ನೊಂದು ಅಡಿ ಎಂಟು ಇಂಚು, ಹದಿನಾಲ್ಕು ಅಡಿ ಎಂಟು ಇಂಚು. ಇದು ಮೋಸ ಅಂತಲೂ ಹೇಳಲು ಬರುವುದಿಲ್ಲ. ಕತ್ತರಿಸುವಾಗಿನ ಅಳತೆ ಹೇಳುತ್ತಾರೆ, ಅಂಚು ಮಡಚಿ ಅಂಟಿಸಿದ ಮೇಲೆ ನಾಲ್ಕು ಇಂಚು ಹೋಗುತ್ತದೆ. ನಮಗೆ ಪೆಟ್ಟು ಕೊಟ್ಟದ್ದು ಆ ನಾಲ್ಕು ಇಂಚೇ. ಬಾಡಿ ಐದು ಅಡಿ ಅಗಲ, ಮಾಲು ನಾಲ್ಕು ಅಡಿ ಎತ್ತರ ಬಂದರೆ ಎರಡೂ ಬದಿ ಸೇರಿ ಹದಿಮೂರು ಅಡಿ ಬೇಕು. ಉದ್ದಕ್ಕೆ ಏಳು, ಮುಂದೆ ನಾಲ್ಕು, ಹಿಂದೆ ನಾಲ್ಕು, ಹದಿನೈದು. ನಮ್ಮದು ಎರಡೂ ಕಡೆ ಸಾಲಲಿಲ್ಲ. ಸಾಲದ್ದನ್ನು ಜಗ್ಗಿ ಕಟ್ಟಿದೆವು. ಜಗ್ಗಿ ಕಟ್ಟಿದ ಕಣ್ಣು ಗಾಳಿ ಬರುವ ಮೊದಲೇ ಅರ್ಧ ಹರಿದಿರುತ್ತದೆ.

ಅಪ್ಪ ಅಷ್ಟು ಹೊತ್ತು ಸುಮ್ಮನೆ ಮಗ್ಗದ ಮೇಲೆ ಇದ್ದವರು ಎದ್ದು ಬಂದರು. ನೂಲು ಎಣಿಸುವ ತಮ್ಮ ಸಣ್ಣ ಭೂತಗನ್ನಡಿ ತಂದು ಹರಿದ ಮೂಲೆಯ ಮೇಲಿಟ್ಟು ಬಗ್ಗಿ ನೋಡಿದರು.

"ಪ್ಲಾಸ್ಟಿಕ್, ಪ್ಲಾಸ್ಟಿಕ್ ಅಂತೀರಿ. ಇದೂ ನೇಯ್ದದ್ದ ಐತಲ್ಲೋ. ಹಾಸು ಹೊಕ್ಕು ಕಾಣಸ್ತಾವ ನೋಡು" ಅಂದರು.

ನಿಜ. ನಮ್ಮ ನೀಲಿ ತಾಡಪತ್ರಿ ಹಾಳೆಯಲ್ಲ, ಬಟ್ಟೆ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನ ಚಪ್ಪಟೆ ಎಳೆಗಳನ್ನು ಮಗ್ಗದ ಮೇಲೆ ನೇಯ್ದು, ಎರಡೂ ಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಬಳಿದಿರುತ್ತಾರೆ. ನೀರು ತಡೆಯುವುದು ಆ ಪದರ. ಜಗ್ಗಿದಾಗ ತಾಳುವುದು ಒಳಗಿನ ನೇಯ್ಗೆ. ಅಪ್ಪ ತೋರಿಸಿದರು: ನಮ್ಮದರಲ್ಲಿ ಎಳೆಗಳ ನಡುವೆ ಸಂದು ಎಷ್ಟಿತ್ತೆಂದರೆ ಪದರ ಒಂದೇ ಎಲ್ಲವನ್ನೂ ಹಿಡಿದುಕೊಂಡಿತ್ತು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಗಾಡಿಯ ಮೇಲೆಯೇ ಬಿಸಿಲಿಗೆ ಬಿದ್ದಿತ್ತು ಬೇರೆ. ಬಿಸಿಲು ಪ್ಲಾಸ್ಟಿಕ್‌ನ ಜೀವ ಹೀರುತ್ತದೆ. ಮಡಚಿದ ಗೆರೆಗಳಲ್ಲಿ ಪದರ ಸಿಪ್ಪೆಯಂತೆ ಎದ್ದಿತ್ತು. ಬಿಸಿಲಿಗೆ ಹಿಡಿದು ಕೆಳಗಿನಿಂದ ನೋಡಿದರೆ ಸೂಜಿ ತೂತುಗಳು ನಕ್ಷತ್ರದ ಹಾಗೆ ಕಂಡವು.

"ಸೀರಿ ಆಗಿದ್ರ ಈ ನೇಯ್ಗಿಗೆ ಯಾರೂ ಕೂಲಿ ಕೊಡ್ತಿರಲಿಲ್ಲ" ಎಂದು ಅಪ್ಪ ಕನ್ನಡಿ ಒರೆಸಿಕೊಂಡು ಹೋದರು. ಮಗ್ಗ ಬಿಟ್ಟುಹೋದ ಮಗನ ಗಾಡಿಯ ಬಗ್ಗೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಅಣ್ಣನ ತಲೆಯಲ್ಲಿ ಬೇರೆಯೇ ಇತ್ತು. ತಾಡಪತ್ರಿಯ ಸಹವಾಸವೇ ಬೇಡ, ಕಬ್ಬಿಣದ ತಗಡಿನ ಪೂರ್ತಿ ಮುಚ್ಚಿದ ಡಬ್ಬಿ ಕಟ್ಟಿಸಿಬಿಡೋಣ ಅಂದ. ಅವಮಾನ ಆದವರು ಹಾಗೇ ಯೋಚಿಸುತ್ತಾರೆ, ಇನ್ನೆಂದೂ ಆಗದಂಥ ಉಪಾಯ ಬೇಕು ಅವರಿಗೆ. ವೆಲ್ಡಿಂಗ್‌ನವರು 45,000 ಹೇಳಿದರು. ತೂಕ ಎಷ್ಟಾಗುತ್ತದೆ ಎಂದು ಕೇಳಿದೆ. "ಒಂದೂವರಿ ನೂರು ಕೇಜಿ ಆದ್ರೂ ಆಗತೈತ್ರಿ" ಅಂದರು. ಮುಕ್ಕಾಲು ಟನ್ ಹೊರುವ ಗಾಡಿಯಲ್ಲಿ ಅಷ್ಟು ಹೋದರೆ ಪ್ರತಿ ಖೇಪಿಗೂ ಮೂರು ಚೀಲ ಕಡಿಮೆ. ಅದರ ಮೇಲೆ, ಆರ್‌ಸಿಯಲ್ಲಿ ತೆರೆದ ಬಾಡಿ ಎಂದಿರುವ ಗಾಡಿಗೆ ಮನಸ್ಸಿಗೆ ಬಂದಂತೆ ಡಬ್ಬಿ ಕೂಡಿಸಲು ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ರೂಪ ಬದಲಿಸುವುದರ ಬಗ್ಗೆಯೇ ಇದೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು, ಆರ್‌ಸಿಯಲ್ಲಿ ಬರೆಸಬೇಕು. ಎಲ್ಲಕ್ಕಿಂತ ದೊಡ್ಡದು, ಮುಚ್ಚಿದ ಡಬ್ಬಿಯಲ್ಲಿ ಉಳ್ಳಾಗಡ್ಡಿ ಒಯ್ಯಲಾಗುವುದಿಲ್ಲ. ಹೊಟ್ಟು, ಮೇವು, ಮೆಣಸಿನಕಾಯಿ ಹೇರಲಾಗುವುದಿಲ್ಲ. ಔಷಧಿ, ಬೇಕರಿ ಮಾಲು ಒಯ್ಯುವವರಿಗೆ ಡಬ್ಬಿ ಸರಿ. ನಮ್ಮ ಬಾಡಿಗೆ ಅದಲ್ಲ. ಮೂರು ದಿನ ಅಣ್ಣ ಮುಖ ಊದಿಸಿಕೊಂಡಿದ್ದ, ಆಮೇಲೆ ಬಿಟ್ಟ.

ಹಳೆಯ ಲಾರಿ ಡ್ರೈವರುಗಳನ್ನು ಕೇಳಿದರೆ ಎಲ್ಲರೂ ಒಂದೇ ಹಾಡು: ಮೇಣ ಹಚ್ಚಿದ ಹತ್ತಿಯ ತಾಡಪತ್ರಿ, ಅದರ ಮುಂದೆ ಬೇರೆ ಇಲ್ಲ. ಅದರಲ್ಲಿ ಸತ್ಯವಿದೆ. ಹತ್ತಿಯ ದಪ್ಪ ಬಟ್ಟೆ ಉಸಿರಾಡುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಒಳಗೆ ಬೆವರುವುದಿಲ್ಲ. ಗಾಳಿಗೆ ಪಟಪಟ ಬಡಿಯುವುದಿಲ್ಲ. ಆದರೆ ಒಣಗಿದ್ದಾಗಲೇ ಭಾರ, ತೊಯ್ದರೆ ಇಬ್ಬರು ಬೇಕು. ಹಸಿಯಾಗಿ ಮಡಚಿಟ್ಟರೆ ಬೂಸ್ಟು ಹಿಡಿದು ಕೊಳೆಯುತ್ತದೆ. ಲಾರಿಗೆ ಕ್ಲೀನರ್ ಇರುತ್ತಾನೆ, ಅಣ್ಣ ಒಬ್ಬನೇ. ರಾತ್ರಿ ಹತ್ತಕ್ಕೆ ಬಂದವನು ತಾಡಪತ್ರಿ ಹರವಿ ಒಣಗಿಸುತ್ತಾನೆಯೇ? ಒಣಗಿಸುವುದಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು.

ಕೊನೆಗೆ ನಾವು ಹೋದದ್ದು ಬೆಟಗೇರಿಯಲ್ಲೇ ತಾಡಪತ್ರಿ ಹೊಲಿಯುವ ಒಬ್ಬರ ಹತ್ತಿರ. ದೊಡ್ಡ ಅಂಗಡಿಯೇನಲ್ಲ, ಒಂದು ಭಾರಿ ಹೊಲಿಗೆ ಮಷಿನ್, ನೆಲದ ಮೇಲೆ ಬಟ್ಟೆ ಹರವಲು ಒಂದು ಪಡಸಾಲೆ. ಅವರು ಮೊದಲು ಕೇಳಿದ್ದು ಅಳತೆಯನ್ನಲ್ಲ. "ಏನೇನ ಹೇರ್ತೀರಿ?" ಎಂದು. ಅಣ್ಣ ಹೇಳುತ್ತಾ ಹೋದ. ನೂಲು, ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ. ಅವರು ತಲೆಯಾಡಿಸುತ್ತಾ ಹೋದರು.

ಮೂಲೆ ಹೊಲಿದ ಟೊಪ್ಪಿಗೆಯಂಥ ಮುಚ್ಚಳ ಬೇಕೆಂದು ಅಣ್ಣನಿಗೆ ಆಸೆ, ಹಾಕಿದರೆ ಚಂದ ಕೂಡುತ್ತದೆ. ಅವರು ಬೇಡ ಅಂದರು. ದಿನಾ ಒಂದೇ ಎತ್ತರದ ಮಾಲು ಒಯ್ಯುವವರಿಗೆ ಮಾತ್ರ ಅದು. ನಿಮ್ಮದು ಒಂದು ದಿನ ಎರಡು ಅಡಿ, ಇನ್ನೊಂದು ದಿನ ಐದು ಅಡಿ. ಟೊಪ್ಪಿಗೆ ಒಂದು ದಿನ ಜೋತುಬೀಳುತ್ತದೆ, ಒಂದು ದಿನ ಹರಿಯುತ್ತದೆ. ಸಾದಾ ಚೌಕ ತಾಡಪತ್ರಿಯೇ ಇರಲಿ, 14 × 16, ಹೊಲಿಗೆ ಮುಗಿದ ಮೇಲಿನ ಅಳತೆ. ಪಿವಿಸಿ ಬಳಿದ ಪಾಲಿಯೆಸ್ಟರ್ ಬಟ್ಟೆ, 450 ಜಿಎಸ್‌ಎಂ. ನಾನು ಅಲ್ಲೇ ಫೋನ್ ತೆಗೆದು ಲೆಕ್ಕ ಹಾಕಿದೆ: ಒಂಬತ್ತೂವರೆ ಕೆಜಿ ಹತ್ತಿರ. ಅಣ್ಣ ಒಬ್ಬನೇ ಎತ್ತಿ ಮೇಲೆ ಎಸೆಯಬಹುದು. 600ರದ್ದೂ ಇತ್ತು, ಅದು ಹನ್ನೆರಡೂವರೆ ಆಗುತ್ತಿತ್ತು. ಗಟ್ಟಿಯಾದದ್ದು ಒಳ್ಳೆಯದೇ, ಆದರೆ ಹಾಕಲು ಬೇಸರ ಬರುವಷ್ಟು ಭಾರವಾದ ತಾಡಪತ್ರಿ ಮಾಡ ಕಂಡರೂ ಸೀಟಿನ ಹಿಂದೆಯೇ ಉಳಿಯುತ್ತದೆ.

ಅಂಚಿನೊಳಗೆ ಹಗ್ಗ ಇಟ್ಟು ಹೊಲಿದರು. ಕಣ್ಣಿನ ಮೇಲೆ ಬೀಳುವ ಜಗ್ಗು ಬಟ್ಟೆಯ ಮೇಲಲ್ಲ, ಆ ಹಗ್ಗದ ಮೇಲೆ ಬೀಳಬೇಕು. ಎರಡು ಅಡಿಗೊಂದು ಕಣ್ಣು, ನಾಲ್ಕು ಮೂಲೆಗೂ ಇನ್ನೊಂದು ಪದರ ಬಟ್ಟೆ ಕೊಟ್ಟು ಎರಡೆರಡು ಕಣ್ಣು. ಕಟ್ಟಲು ಬರೀ ನೈಲಾನ್ ಹಗ್ಗ ಬೇಡ ಎಂದು ಹಳೆಯ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿಗಳಿಗೆ ಕೊಂಡಿ ಹಾಕಿಕೊಟ್ಟರು. ಹಗ್ಗ ಜಗ್ಗುವುದಿಲ್ಲ, ಗಾಳಿಯ ಪೆಟ್ಟು ನೇರ ಕಣ್ಣಿಗೆ ತಾಗುತ್ತದೆ. ರಬ್ಬರ್ ತಾನು ಜಗ್ಗಿ ಕಣ್ಣನ್ನು ಉಳಿಸುತ್ತದೆ. ಇದು ಪುಕ್ಕಟೆ ಸಿಗುವ ವಸ್ತು, ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಕೇಳಿ.

ಮೂಲೆ ಮಡಚುವುದನ್ನು ಅವರು ಎರಡು ಸಲ ಮಾಡಿ ತೋರಿಸಿದರು. ಪುಸ್ತಕಕ್ಕೆ ರಟ್ಟು ಹಾಕುವ ಹಾಗೆಯೇ, ಆದರೆ ಮಡಿಕೆಯ ಬಾಯಿ ಯಾವತ್ತೂ ಹಿಂದಕ್ಕೆ ಇರಬೇಕು. ಮುಂದಕ್ಕೆ ಬಾಯಿ ಮಾಡಿದ ಮಡಿಕೆಯೊಳಗೆ ಗಾಡಿ ಓಡುವಾಗ ಗಾಳಿ ಹೊಕ್ಕು ಚೀಲದಂತೆ ತುಂಬಿಕೊಳ್ಳುತ್ತದೆ. ಮುಂದಿನ ಅಂಚನ್ನು ಕ್ಯಾಬಿನ್ ಹಿಂದೆ ಕೆಳಗಿನವರೆಗೆ ಇಳಿಸಿ ಮೊದಲು ಅದನ್ನೇ ಬಿಗಿಯಬೇಕು. ಅಣ್ಣ ಇಷ್ಟು ದಿನ ಹಿಂದಿನದನ್ನು ಮೊದಲು ಕಟ್ಟುತ್ತಿದ್ದ.

ಆಮೇಲೆ ಕಮಾನು. ಚೀಲಗಳ ಮೇಲೆ ಸಪಾಟಾಗಿ ಹೊದಿಸಿದರೆ ನಡುವೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಎಂಥ ತಾಡಪತ್ರಿಯೂ ಜಗ್ಗುತ್ತದೆ. ಮೂರು ಕಬ್ಬಿಣದ ಪೈಪು ಬಗ್ಗಿಸಿ, ಬೇಕಾದಾಗ ಬದಿಗೆ ಸಿಗಿಸಿ ಬೇಡವಾದಾಗ ತೆಗೆದಿಡುವಂತೆ ಮಾಡಿಸಿದೆವು. ತಾಡಪತ್ರಿ 4,200, ಕಮಾನು 1,800. ವಹಿಯಲ್ಲಿ ಆರು ಸಾವಿರ ಬರೆದೆ. ಅದರ ಮೇಲಿನ ಪುಟದಲ್ಲೇ 1,400 ಮತ್ತು 3,000 ಇದ್ದವು, ಕೂಡಿಸಿದರೆ 4,400. ಅಣ್ಣ ಎರಡೂ ಪುಟ ನೋಡಿ ಏನೂ ಅನ್ನಲಿಲ್ಲ.

ಕಮಾನಿನ ಬೆಲೆ ಗೊತ್ತಾದದ್ದು ಉಳ್ಳಾಗಡ್ಡಿ ಸುಗ್ಗಿಯಲ್ಲಿ. ಉಳ್ಳಾಗಡ್ಡಿಗೆ ಮಳೆಯಷ್ಟೇ ವೈರಿ ತಾಡಪತ್ರಿ. ಜಾಳಿಗೆ ಚೀಲದಲ್ಲಿ ತುಂಬಿದ ಗಡ್ಡೆ ಹುಬ್ಬಳ್ಳಿಗೆ ಹೋಗಿ ಹರಾಜಿಗೆ ಪಾಳಿ ಬರುವವರೆಗೆ ಪ್ಲಾಸ್ಟಿಕ್ ಕೆಳಗೆ ಬಿಗಿಯಾಗಿ ಕೂತರೆ ಬೆವರುತ್ತದೆ. ಬೆವರಿದ ಗಡ್ಡೆ ಕೊಳೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಕಮಾನು ಇದ್ದರೆ ಮೇಲೆ ಗಾಳಿಗೆ ಜಾಗ ಸಿಗುತ್ತದೆ. ಮಳೆ ಇಲ್ಲದಾಗ ಹಿಂದಿನ ಅಂಚು ಎತ್ತಿ ಕಟ್ಟುತ್ತಾನೆ, ನಿಂತಲ್ಲೆಲ್ಲ ಬದಿ ಸಡಿಲಿಸುತ್ತಾನೆ. ಮೆಣಸಿನಕಾಯಿಗೆ ಮಾತ್ರ ನಮ್ಮ 14 × 16 ಕೂಡ ಸಾಲುವುದಿಲ್ಲ. ಹಗುರ ಮಾಲು, ಎತ್ತರಕ್ಕೆ ಏರುತ್ತದೆ. ಆಗ ಇನ್ನೊಂದನ್ನು ಜೋಡಿಸಿ ಕಟ್ಟುತ್ತೇವೆ. ಎಲ್ಲಕ್ಕೂ ಒಂದೇ ಆಗುವಂಥದ್ದು ನನಗಂತೂ ಸಿಕ್ಕಿಲ್ಲ.

ಇನ್ನು ಕೆಳಗಿನಿಂದ ತೊಯ್ದ ಎರಡು ಚೀಲಗಳು. ಮೇಲೆ ಹೊದಿಸುವುದರ ಬಗ್ಗೆಯೇ ಎಲ್ಲರೂ ಯೋಚಿಸುತ್ತಾರೆ, ನಾವೂ. ತಾಡಪತ್ರಿಯ ಅಂಚು ಬದಿಯ ತಗಡಿನ ಒಳಗೆ ಬಿದ್ದಿದ್ದರೆ ಅದರ ಮೇಲಿಂದ ಇಳಿದ ನೀರೆಲ್ಲ ಬಾಡಿಯೊಳಗೇ ಹೋಗುತ್ತದೆ. ಹಿಂದಿನ ಬಾಗಿಲ ಸಂದಿಯಿಂದ ಗಾಲಿ ಸಿಡಿಸಿದ ನೀರು ಒಳಗೆ ಬರುತ್ತದೆ. ತಳದ ಚೀಲ ಅದನ್ನು ಹೀರುತ್ತದೆ. ಅಂಚು ಯಾವತ್ತೂ ಬದಿಯ ಹೊರಗೆ ಇಳಿಯಬೇಕು. ತಳದಲ್ಲಿ ಹಲಗೆಯೋ ಹಳೆಯ ತಾಡಪತ್ರಿಯೋ ಇರಬೇಕು. ಹರಿದ ನೀಲಿ ತಾಡಪತ್ರಿಯನ್ನು ನಾಲ್ಕು ಮಡಿಕೆ ಮಾಡಿ ಈಗ ತಳಕ್ಕೆ ಹಾಸುತ್ತೇವೆ. ಅದರ 650 ರೂಪಾಯಿ ಅಷ್ಟರಮಟ್ಟಿಗೆ ವಸೂಲಾಯಿತು.

2025ರ ಹೆಸರಿನ ಸುಗ್ಗಿಗೆ ಕಾಕಿ ಫೋನ್ ಮಾಡುತ್ತಾಳೆ ಎಂದು ನಾವ್ಯಾರೂ ಅಂದುಕೊಂಡಿರಲಿಲ್ಲ. ಅವ್ವ ಒಂದು ಮದುವೆಯಲ್ಲಿ ಆಕೆಗೆ ಹೊಸ ತಾಡಪತ್ರಿಯ ಸುದ್ದಿ ಹೇಳಿದ್ದಳೋ ಏನೋ, ಕೇಳಿದರೆ ಒಪ್ಪಿಕೊಳ್ಳುವುದಿಲ್ಲ. ಆ ದಿನ ನಾನೂ ಅಣ್ಣನ ಜೊತೆ ಹೋದೆ. ಹನ್ನೆರಡು ಚೀಲ. ಮಾಡ ಕಟ್ಟಿತ್ತು. ಅಣ್ಣ ಕಮಾನು ಸಿಗಿಸಿ, ತಾಡಪತ್ರಿ ಎಳೆದು, ಮುಂದಿನ ಅಂಚು ಮೊದಲು ಬಿಗಿದು, ಮೂಲೆ ಹಿಂದಕ್ಕೆ ಮಡಚಿ, ಒಂದೊಂದೇ ರಬ್ಬರ್ ಕೊಂಡಿ ಹಾಕುತ್ತಾ ಬಂದ. ಕಾಕಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಎದ್ದು ಬಂದು ಹಿಂದಿನ ಎಡ ಮೂಲೆಯ ಕಣ್ಣಿಗೆ ಬೆರಳು ಹಾಕಿ ಜಗ್ಗಿ ನೋಡಿದಳು. ಇನ್ನೊಮ್ಮೆ ಜಗ್ಗಿದಳು.

ಆಮೇಲೆ ಒಳಗೆ ಹೋಗಿ ತನ್ನ ಸಬ್ಸಿಡಿಯ ತಾಡಪತ್ರಿಯನ್ನು ಮಡಚಿಕೊಂಡು ತಂದಳು. ಈ ಸಲ ಕಣದಲ್ಲಿ ರಾಶಿ ಉಳಿದಿರಲಿಲ್ಲ.

"ಇರ್ಲಿ ತಮ್ಮಾ, ಇದನ್ನೂ ಒಯ್ಯಿ."

"ಹೂಂ ಕಾಕಿ, ಕೊಡು" ಅಂದ ಅಣ್ಣ. ಕ್ಯಾಬಿನ್ನಿನಲ್ಲಿ ನನ್ನ ಕಾಲ ಬಳಿ ಇಟ್ಟ. ಹನ್ನೆರಡು ಕೆಜಿ. ಗದಗ ಬರುವವರೆಗೆ ನಾನು ಕಾಲು ಚಾಚಲು ಜಾಗವಿರಲಿಲ್ಲ.